ಪಾಲಿಶ್ ಸಾಕಾ, ಪೇಂಟೇ ಬೇಕಾ

ಕಳೆದ ದೀಪಾವಳಿಗೆ ಸಾಗರಕ್ಕೆ ಹೋದಾಗ ಅಪ್ಪ ಬ್ಯಾಗು ಕೆಳಗಿಡುವ ಮೊದಲೇ ಕಾರಿನ ವಿಷಯ ತೆಗೆದರು. "ಎಡಗಡೆ ಬಾಗಿಲು ಸ್ವಲ್ಪ ಗೀರಿದೆ. ನಾಳೆ ಶೆಡ್ಡಿಗೆ ತಗೊಂಡು ಹೋಗಿ ಪೇಂಟ್ ಹೊಡೆಸಿಕೊಂಡು ಬಾ. ಹಬ್ಬಕ್ಕೆ ಎಲ್ಲ ಬರ್ತಾರೆ." ಅಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಈಗ ಅರವತ್ತೆಂಟು. ಕಾರು 2012ರ ವ್ಯಾಗನ್ ಆರ್, ಬೆಳ್ಳಿ ಬಣ್ಣ. ಸಾಲ ಮಾಡಿ ಕೊಂಡಿದ್ದು. ಕಂತು ತೀರಿದ ದಿನ ಅಮ್ಮ ಪಾಯಸ ಮಾಡಿದ್ದರು. ಅದರ ಮೇಲೆ ಒಂದು ಹಕ್ಕಿಯ ಹಿಕ್ಕೆ ಬಿದ್ದರೂ ಬಟ್ಟೆ ಹಿಡಿದು ಓಡುವ ಮನುಷ್ಯ, ಬಾಗಿಲು ಗೀರಿದ್ದನ್ನು ಇಷ್ಟು ಹಗುರವಾಗಿ ಹೇಳಿದ್ದು ನನಗೆ ಆಗ ವಿಚಿತ್ರವೆನಿಸಲಿಲ್ಲ. ಎನಿಸಬೇಕಿತ್ತು.

ಶೆಡ್ಡಿನ ಮೇಸ್ತ್ರಿ ಅಪ್ಪನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಎರಡು ಸಲ ಫೇಲಾದೆ ಎಂದು ತಾನೇ ನಗುತ್ತಾ ಹೇಳಿಕೊಳ್ಳುತ್ತಾನೆ. ಗೀರುಗಳ ಮೇಲೆ ನೀರು ಹಾಕಿ, ಒರೆಸಿ, ಬಗ್ಗಿ ನೋಡಿ ಹೇಳಿದ: "ಉಗುರು ಹಾಕಿ ನೋಡಿ ಅಕ್ಕಾ. ಜಾರಿ ಹೋದರೆ ಪಾಲಿಶ್ ಸಾಕು. ಉಗುರು ಸಿಕ್ಕಿಕೊಂಡರೆ ಪೇಂಟೇ ಆಗಬೇಕು."

ಮುಂದಿನ ಬಾಗಿಲಿನ ಗೀರಿನಲ್ಲಿ ಉಗುರು ಜಾರಿತು. ಹಿಂದಿನ ಬಾಗಿಲಿನದರಲ್ಲಿ ಸಿಕ್ಕಿಕೊಂಡಿತು.

ಕಾರಿನ ಬಣ್ಣ ಎಂದರೆ ಒಂದೇ ಬಣ್ಣವಲ್ಲ ಎಂಬುದು ನನಗೆ ಅಂದು ಸರಿಯಾಗಿ ಅರ್ಥವಾಯಿತು. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಎಲ್ಲದರ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಹೆಚ್ಚೆಂದರೆ ಎರಡು ತಲೆಗೂದಲಿನಷ್ಟು ದಪ್ಪ. ಮೇಲಿನ ಪಾರದರ್ಶಕ ಪದರ ಅದರಲ್ಲಿ ಮೂರನೆಯ ಒಂದು ಭಾಗ ಇದ್ದರೆ ಹೆಚ್ಚು.

ಪಾಲಿಶ್ ಎಂದರೆ ಗೀರನ್ನು ಏನೋ ಹಚ್ಚಿ ತುಂಬುವುದು ಎಂದು ನಾನು ತಿಳಿದಿದ್ದೆ. ಅಲ್ಲ. ಗೀರಿನ ಸುತ್ತ ಇರುವ ಒಳ್ಳೆಯ ಭಾಗವನ್ನು ಕಾಂಪೌಂಡ್ ಹಾಕಿ ಉಜ್ಜಿ ಉಜ್ಜಿ, ಗೀರಿನ ತಳದ ಮಟ್ಟಕ್ಕೆ ಇಳಿಸುವುದು ಪಾಲಿಶ್. ಗೀರು ಹೋಗುವುದಿಲ್ಲ, ಉಳಿದದ್ದೆಲ್ಲ ಅದರ ಮಟ್ಟಕ್ಕೆ ಬರುತ್ತದೆ. ಪ್ರತಿ ಸಲವೂ ಪದರ ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಪೇಂಟ್ ಹಾಗಲ್ಲ. ಅದು ಹೊರಗಿನಿಂದ ತಂದು ಮುಚ್ಚುವುದು. ಮೊದಲು ಗೀರನ್ನು ಇನ್ನಷ್ಟು ಉಜ್ಜಿ ಅಗಲ ಮಾಡಿ, ತುಂಬಿ, ಸಮ ಮಾಡಿ, ಆಮೇಲೆ ಬಾಗಿಲಿಗೆ ಬಾಗಿಲನ್ನೇ ಹೊಸದಾಗಿ ಬಳಿಯಬೇಕು. ಒಂದು ಗೆರೆ ಮುಚ್ಚಲು ಇಡೀ ಬಾಗಿಲಿನ ಮೂಲ ಬಣ್ಣ ಬಲಿ.

ಮೇಸ್ತ್ರಿ ಬಾಗಿಲಿಗೆ 3,500 ರೂಪಾಯಿ ಎಂದ. ನಾನು ಹೂಂ ಎನ್ನುವಷ್ಟರಲ್ಲಿ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. "ಇದು ಒಂದೇ ದಿನ ಆಗಿದ್ದಲ್ಲ ಅಕ್ಕಾ. ಈ ಆಳದ್ದು ಮಳೆಗಾಲಕ್ಕೆ ಮುಂಚಿನದು, ಒಳಗೆ ತುಕ್ಕು ಹಿಡಿದಿದೆ. ಇದು ಆಮೇಲಿನದು. ಮುಂದಿಂದು ಮೊನ್ನೆಮೊನ್ನೆಯದು. ಮೂರೂ ಒಂದೇ ಎತ್ತರದಲ್ಲಿವೆ ನೋಡಿ. ಒಂದೇ ಜಾಗಕ್ಕೆ ತಾಗಿದ್ದು."

ಗಣಿತದಲ್ಲಿ ಫೇಲಾದವನು ಮೇಷ್ಟ್ರ ಲೆಕ್ಕವನ್ನು ಓದಿಬಿಟ್ಟಿದ್ದ. ನಾನು ಕಾರನ್ನು ಹಾಗೇ ವಾಪಸು ತಂದೆ.

ಮೈಸೂರಿನಲ್ಲಿ ನನ್ನ ಪಿಎಚ್.ಡಿ. ಇರುವುದೇ ದುರಸ್ತಿಯ ಮೇಲೆ: ಹಳೆಯದನ್ನು ಸರಿಪಡಿಸುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬಹುದು ಎಂಬ ನೀತಿಯ ಪ್ರಶ್ನೆ. ಜಾನ್ ರಸ್ಕಿನ್ 1849ರಲ್ಲೇ, ಹಳೆಯ ಕಟ್ಟಡದ ಪುನರ್ನಿರ್ಮಾಣವೆಂಬುದು ಸುಳ್ಳು ಎಂಬ ಅರ್ಥದಲ್ಲಿ ಬರೆದ. ದಿನದಿನವೂ ಜೋಪಾನ ಮಾಡಿ, ಹೋದದ್ದನ್ನು ಇದ್ದಂತೆ ನಟಿಸಬೇಡಿ ಎನ್ನುವುದು ಅವನ ನಿಲುವು. ಇಟಲಿಯ ಚೆಸಾರೆ ಬ್ರಾಂದಿ ಇನ್ನೊಂದು ದಾರಿ ಹುಡುಕಿದ. ಚಿತ್ರದಲ್ಲಿ ಬಣ್ಣ ಉದುರಿದ ಜಾಗವನ್ನು ಸಣ್ಣ ಸಣ್ಣ ಲಂಬ ಗೆರೆಗಳಿಂದ ತುಂಬುವುದು. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ, ಹತ್ತಿರ ಹೋದರೆ ಇದು ದುರಸ್ತಿ ಎಂದು ಗೊತ್ತಾಗುತ್ತದೆ. ನೋಡುವವನಿಗೆ ಸುಖವೂ ಸಿಕ್ಕಿತು, ಮೋಸವೂ ಆಗಲಿಲ್ಲ. ಈ ಉಪಾಯವನ್ನು ನಾನು ಎಷ್ಟು ಸೆಮಿನಾರುಗಳಲ್ಲಿ ಹೊಗಳಿದ್ದೇನೋ.

ನಮ್ಮ ಕಡೆಯ ಪದ್ಧತಿ ಇದಕ್ಕೆ ಪೂರ್ತಿ ಹೊರಗು. ಸಾಗರದ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ, ಅಲ್ಲಿ ಮನಸ್ಸಿಗೆ ಬಂದಂತೆ ಕಲ್ಲಿಗೆ ಬಣ್ಣ ಬಳಿಯುವಂತಿಲ್ಲ. ಆದರೆ ಅದೇ ಸುತ್ತಿನ ಊರೂರಿನ ದೇವಸ್ಥಾನಗಳಿಗೆ ಜೀರ್ಣೋದ್ಧಾರವಾಗುತ್ತದೆ: ಹೊಸ ಹೆಂಚು, ಹೊಸ ನೆಲ, ಕೆಲವೊಮ್ಮೆ ಕಣ್ಣು ಕುಕ್ಕುವ ಎಣ್ಣೆ ಬಣ್ಣ. ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ, ಪುಣ್ಯದ ಕೆಲಸ ಎನ್ನುತ್ತಾರೆ. ನನಗೆ ಆ ಬಣ್ಣಗಳು ಹಿಡಿಸುವುದಿಲ್ಲ, ಅದು ಬೇರೆ ಮಾತು. ಬಳಕೆಯಲ್ಲಿರುವ ವಸ್ತು ತನ್ನ ಗತಕಾಲದ ಸಾಕ್ಷಿಯಾಗಿ ನಿಂತಿರಬೇಕೆಂದು ಅದನ್ನು ಬಳಸುವವರು ಯಾಕೆ ಒಪ್ಪಬೇಕು?

ಅಂದು ಮಾತ್ರ ನಾನು ರಸ್ಕಿನ್‌ನ ಪಕ್ಷ ಸೇರಿದ್ದೆ. ಪೇಂಟ್ ಹೊಡೆಸಿದರೆ ಸಾಕ್ಷ್ಯ ನಾಶ ಮಾಡಿದಂತೆ, ಅಪ್ಪನ ಸುಳ್ಳಿಗೆ ನಾನೂ 3,500 ಹಾಕಿದಂತೆ. ಹಾಗೆಂದು ಅಪ್ಪ ಸುಳ್ಳು ಹೇಳಿದ್ದಾರೆ ಎನ್ನಲು ನನ್ನ ಬಳಿ ಏನಿತ್ತು? ನಮ್ಮಲ್ಲಿ ಸ್ಟಿಯರಿಂಗ್ ಬಲಗಡೆ, ಎಡಗಡೆಯ ಅಂದಾಜು ಯಾರಿಗೂ ಕಷ್ಟ. ಊರಿನ ಅರ್ಧ ಕಾರುಗಳ ಎಡ ಮಗ್ಗುಲು ಗೀರಿರುತ್ತದೆ. ಗೇಟಿನಿಂದ ಒಳಗೆ ತರುವಾಗ ಕಂಬಕ್ಕೆ ತಾಗಿಸಿದವರೆಲ್ಲ ಕಣ್ಣಿನ ರೋಗಿಗಳಲ್ಲ.

ರಾತ್ರಿ ಅಮ್ಮನ ಹತ್ತಿರ ಸುಮ್ಮನೆ ಕೇಳಿದೆ. ಅಮ್ಮ ಕಾಯಿ ತುರಿಯುತ್ತಲೇ ಹೇಳಿದರು: "ನನಗೇನು ಗೊತ್ತು. ಈ ವರ್ಷ ಗೇಟಿನ ಕಂಬಕ್ಕೆ ಮಾತ್ರ ಮೂರು ಸಲ ಸುಣ್ಣ ಬಳಿದರು. ಮನೆ ಗೋಡೆಗೆ ಬಳಿಯಿರಿ ಅಂದರೆ ಕೇಳಲಿಲ್ಲ."

ಮರುದಿನ ಇಕ್ಕೇರಿಗೆ ಹೋಗೋಣ ಎಂದು ಅಪ್ಪನನ್ನೇ ಓಡಿಸಲು ಹೇಳಿ ನಾನು ಎಡಗಡೆ ಕೂತೆ. ಮಗಳು ಅಪ್ಪನನ್ನು ಪರೀಕ್ಷೆಗೆ ಕೂರಿಸುವುದು ಒಳ್ಳೆಯ ಕೆಲಸವೇನಲ್ಲ. ಅಪ್ಪ ಎಂದಿನಂತೆ ನಿಧಾನವಾಗಿ, ಹಾರ್ನ್ ಮಾಡುತ್ತಾ, ಅಡಿಕೆ ರೇಟಿನ ಬಗ್ಗೆ ಮಾತಾಡುತ್ತಾ ಹೋದರು. ಒಂದು ತಿರುವಿನಲ್ಲಿ ಎಡಗಡೆ ಸೈಕಲ್ ಮೇಲೆ ಒಬ್ಬ ಹುಡುಗಿ ಹೋಗುತ್ತಿದ್ದಳು. ಅವಳ ಹ್ಯಾಂಡಲಿಗೂ ನಮ್ಮ ಕನ್ನಡಿಗೂ ಒಂದು ಗೇಣು. ನಾನು "ಅಪ್ಪಾ" ಎಂದು ಕೂಗಿದೆ. ಅವಳು ಚರಂಡಿಯ ಕಡೆ ಇಳಿಸಿಕೊಂಡು ಕಾಲೂರಿ ನಿಂತಳು. ಅಪ್ಪ ತಿರುಗಿ ನನ್ನನ್ನು ಕೇಳಿದರು, "ಏನಾಯಿತು?"

ಅವರು ಅಡಗಿಸುತ್ತಿರಲಿಲ್ಲ. ಅವರಿಗೆ ಆ ಹುಡುಗಿ ಕಂಡಿರಲೇ ಇಲ್ಲ.

ಗ್ಲಾಕೋಮಾ ನೋವು ಕೊಡುವುದು ಅಪರೂಪ, ಹೆಚ್ಚಿನವರಲ್ಲಿ ಸದ್ದಿಲ್ಲದೆ ಬರುತ್ತದೆ. ಮೊದಲು ಹೋಗುವುದು ಅಂಚಿನ ನೋಟ, ನಡುವಿನದು ಕೊನೆಯವರೆಗೂ ಚೆನ್ನಾಗಿರಬಹುದು. ಅಪ್ಪ ಪೇಪರು ಓದುತ್ತಿದ್ದರು, ಪದಬಂಧ ಬಿಡಿಸುತ್ತಿದ್ದರು. ಕಾಣದ ಜಾಗ ಕಪ್ಪಾಗಿಯೂ ಕಾಣುವುದಿಲ್ಲ, ಸುತ್ತಲಿನದನ್ನು ಎಳೆದು ಮಿದುಳೇ ತುಂಬಿಕೊಳ್ಳುತ್ತದೆ. ಅದೂ ಒಂದು ಬಗೆಯ ಪೇಂಟ್ ಕೆಲಸ, ಜೋಡಣೆಯ ಗುರುತು ಸ್ವಂತ ಕಣ್ಣಿಗೇ ಕಾಣದಷ್ಟು ಸಲೀಸು. 55 ದಾಟಿದವರ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ವೈದ್ಯರ ಪ್ರಮಾಣಪತ್ರ ಬೇಕು. ಆ ಐದು ವರ್ಷಗಳ ನಡುವೆ ಅಪ್ಪನ ಕಣ್ಣಿನ ಲೆಕ್ಕ ಇಟ್ಟದ್ದು ಗೇಟಿನ ಕಂಬ ಮತ್ತು ಕಾರಿನ ಬಾಗಿಲು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಪ್ಪನನ್ನು ಒಂದು ಬಟ್ಟಲಿನಂಥ ಯಂತ್ರದ ಎದುರು ಕೂರಿಸಿ ಕೈಗೆ ಗುಂಡಿ ಕೊಟ್ಟರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಅಲ್ಲಿ ಇಲ್ಲಿ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಒತ್ತಬೇಕು. ಹೊರಗೆ ಬಂದು ಅಪ್ಪ, "ಎಲ್ಲ ಒತ್ತಿದೆ, ಒಂದೂ ಬಿಟ್ಟಿಲ್ಲ" ಎಂದರು. ಪ್ರಿಂಟಿನಲ್ಲಿ ಎಡಗಣ್ಣಿನ ಚಿತ್ರದ ಹೊರ ಅಂಚು ಕಪ್ಪಾಗಿತ್ತು, ಬಲಗಣ್ಣಿನದು ಅಷ್ಟಿಲ್ಲ. ಅಪ್ಪ ಅದನ್ನು ಬಹಳ ಹೊತ್ತು ನೋಡಿದರು, ಒಳ್ಳೆಯ ವಿದ್ಯಾರ್ಥಿಯ ಉತ್ತರ ಪತ್ರಿಕೆಯಲ್ಲಿ ತಪ್ಪು ಸಿಕ್ಕಾಗ ನೋಡುತ್ತಿದ್ದ ಹಾಗೆ. ಹೋದ ನೋಟ ಬರುವುದಿಲ್ಲ, ಡ್ರಾಪ್ಸ್ ಹಾಕಿ ಇರುವುದನ್ನು ಕಾಪಾಡಿಕೊಳ್ಳಬೇಕು, ಸದ್ಯಕ್ಕೆ ಸ್ಟಿಯರಿಂಗ್ ಬೇಡ ಎಂದರು ವೈದ್ಯರು.

ಆಮೇಲೆ ವಾರಗಟ್ಟಲೆ ಕಾರಿನ ಮಾತೇ ಇಲ್ಲ. ಸಂಕ್ರಾಂತಿಗೆ ನಾನು ಮತ್ತೆ ಹೋದಾಗ ಅಪ್ಪ ಅದೇ ವಾಕ್ಯ ಹೇಳಿದರು: "ಪೇಂಟ್ ಹೊಡೆಸಿಕೊಂಡು ಬಾ."

ನಾನು ಬೇಡ ಎಂದೆ. ಕಾರಣ ಹೇಳಲು ಹೋಗಿ, ಈಗ ನೆನೆದರೆ ನಾಚಿಕೆಯಾಗುವಂಥ ಸಣ್ಣ ಭಾಷಣವನ್ನೇ ಮಾಡಿದೆ. ಗೀರು ಇದ್ದದ್ದರಿಂದ ತಾನೇ ಗೊತ್ತಾಗಿದ್ದು, ಅದು ಇರಲಿ, ನೆನಪಿಗೆ, ಎಚ್ಚರಿಕೆಗೆ, ಅದರಲ್ಲಿ ಒಂದು ಸತ್ಯ ಇದೆ, ಹೀಗೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ಡಾಕ್ಟರು ಫೈಲಿನಲ್ಲಿ ಬರೆದಾಯ್ತಲ್ಲ ಮಾರಾಯ್ತಿ. ಬಾಗಿಲ ಮೇಲೂ ಇರಬೇಕಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ದೀಪಾವಳಿಯಲ್ಲಿ ಅದೇ ಪೇಂಟ್ ಮಾಡಿಸಿದ್ದರೆ ಆ ಸೈಕಲ್ ಹುಡುಗಿಗೆ ದ್ರೋಹವಾಗುತ್ತಿತ್ತು. ಆಗ ಗೀರು ಓದದ ಕಾಗದದಂತಿತ್ತು, ಹರಿಯುವ ಹಕ್ಕು ಯಾರಿಗೂ ಇರಲಿಲ್ಲ, ಬರೆದವರಿಗೂ. ಓದಿಯಾದ ಮೇಲೆ ಅದು ಬೀದಿಯಲ್ಲಿ ನಿಂತು ಏನು ಮಾಡುತ್ತದೆ? ಹಾಲಿನವನು, ಪಕ್ಕದ ಮನೆಯವರು, ಹಳೆಯ ವಿದ್ಯಾರ್ಥಿಗಳು ದಿನಾ ಅದನ್ನು ನೋಡಿ "ಮೇಷ್ಟ್ರಿಗೆ ಕಣ್ಣು ಕಾಣಲ್ಲವಂತೆ" ಎನ್ನುವುದಕ್ಕೆ ನಾನು ಸತ್ಯ ಎಂಬ ದೊಡ್ಡ ಹೆಸರು ಕೊಟ್ಟಿದ್ದೆ. ಬ್ರಾಂದಿಯ ಗೆರೆಗಳು ಚಿತ್ರಕ್ಕೆ ಸರಿ. ಚಿತ್ರಕ್ಕೆ ಮಾನ ಹೋಗುವುದಿಲ್ಲ. ಕಾರಿನ ಯಜಮಾನ ಅದೇ ಬೀದಿಯಲ್ಲಿ ಇನ್ನು ಮುಂದೆ ನಡೆದುಕೊಂಡು ಹೋಗಬೇಕಾದವರು.

ಮುಂದಿನ ಬಾಗಿಲಿಗೆ ಪಾಲಿಶ್, ಹಿಂದಿನದಕ್ಕೆ ಪೇಂಟ್ ಎಂದು ತೀರ್ಮಾನವಾಯಿತು. ಬೆಳ್ಳಿ ಬಣ್ಣ ಹೊಂದಿಸುವುದು ಕಷ್ಟ, ಮೊದಲೇ ಹೇಳಿದ್ದೇನೆ ಎಂದ ಮೇಸ್ತ್ರಿ. ಅದರಲ್ಲಿರುವ ಅಲ್ಯೂಮಿನಿಯಂ ಪುಡಿಯ ಚೂರುಗಳು ಸ್ಪ್ರೇ ಮಾಡುವ ಕೈಯ ವೇಗಕ್ಕೆ ತಕ್ಕಂತೆ ಮಲಗುತ್ತವಂತೆ, ಕಾರ್ಖಾನೆಯಲ್ಲಿ ಮಲಗಿದ ಹಾಗೇ ಮಲಗುವುದಿಲ್ಲ. ಹಾಗೇ ಆಯಿತು. ಹತ್ತಿರ ನಿಂತು ನೇರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ರಸ್ತೆಯ ಆಚೆಯಿಂದ ನೋಡಿದರೆ ಹಿಂದಿನ ಬಾಗಿಲು ಒಂದು ಛಾಯೆ ಮಂಕು. ಬ್ರಾಂದಿಯ ಲೆಕ್ಕಕ್ಕೆ ಪೂರ್ತಿ ತಿರುವುಮುರುವು.

ಕಾರು ತಂದು ನಿಲ್ಲಿಸಿದಾಗ ಅಪ್ಪ ಕನ್ನಡಕ ಸರಿಮಾಡಿಕೊಂಡು ಬಂದು, ಬಾಗಿಲ ಮೇಲೆ ಉದ್ದಕ್ಕೂ ಉಗುರು ಎಳೆದು ನೋಡಿದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಚೆನ್ನಾಗಿ ಮಾಡಿದ್ದಾನೆ. ಗಣಿತ ಒಂದು ಬರಲಿಲ್ಲ ಅವನಿಗೆ" ಎಂದು ಹೇಳಿ ಕೀಲಿಯನ್ನು ನನ್ನ ಕೈಯಲ್ಲೇ ಬಿಟ್ಟು ಒಳಗೆ ಹೋದರು. ಗೇಟು ಮುಚ್ಚಲು ಹೋದಾಗ ನೋಡಿದೆ. ಮಳೆಗೆ ಕಂಬದ ಸುಣ್ಣ ಅಲ್ಲಲ್ಲಿ ಎದ್ದು, ಸೊಂಟದೆತ್ತರದಲ್ಲಿ ಬೆಳ್ಳಿಯ ಬಣ್ಣದ ಗೆರೆ ಕಾಣುತ್ತಿತ್ತು. ಅದಕ್ಕೆ ಈ ಸಲ ಯಾರೂ ಸುಣ್ಣ ಬಳಿದಿರಲಿಲ್ಲ.