ಹವಳದ ಜೀವ ಕಂಡ ಮೇಲೆ

ಕುಜದೋಷವಿದ್ದರೆ ಹವಳದ ಉಂಗುರ ಹಾಕಿಕೊಳ್ಳಬೇಕು ಎನ್ನುವ ಮಾತು ಕೇಳದ ಮನೆ ನಮ್ಮ ಬಸವೇಶ್ವರನಗರ, ವಿಜಯನಗರದ ಕಡೆ ಅಪರೂಪ. ಹೆಣ್ಣುಮಕ್ಕಳ ಮದುವೆಯ ಮಾತು ಶುರುವಾಯಿತೆಂದರೆ ಬೀರುವಿನಿಂದ ಜಾತಕ ಹೊರಬರುತ್ತದೆ. ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೆಯ ಮನೆಗಳಲ್ಲಿ ಕುಜ ಕೂತಿದ್ದಾನೆಯೇ ಎಂದು ನೋಡುತ್ತಾರೆ. ಕೂತಿದ್ದರೆ ಘಾಟಿಗೋ ಕುಕ್ಕೆಗೋ ಹೋಗಿ ಸುಬ್ರಹ್ಮಣ್ಯನಿಗೆ ಸೇವೆ ಮಾಡಿಸಿ, ಒಂದು ಮಂಗಳವಾರ ಹವಳ ಧರಿಸಿ ಎನ್ನುತ್ತಾರೆ. ನನ್ನ ತಂಗಿಯ ಮಗಳಿಗೂ ಹಾಗೇ ಹೇಳಿದ್ದರು. ಉಂಗುರ ಮಾಡಿಸುವ ಮುಂಚೆಯೇ ಮನೆಮಂದಿಯೆಲ್ಲ ಅಂಡಮಾನ್ ಪ್ರವಾಸಕ್ಕೆ ಹೊರಟೆವು. ಅಲ್ಲಿ ನೀರಿನ ಕೆಳಗೆ ಕಂಡದ್ದು ನಮ್ಮ ಮನೆಯಲ್ಲಿ ಒಂದು ಪ್ರಶ್ನೆಯಾಗಿ ಉಳಿದಿದೆ. ಇನ್ನೊಂದು ಜೀವದ ಎಲುಬನ್ನು ಬೆರಳಿಗೆ ತೊಟ್ಟು ನನ್ನ ಬಾಳಿಗೆ ಒಳಿತು ಬೇಡುವುದು ಧರ್ಮವೇ?

ನಾನು ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ ಜೀವವಿಜ್ಞಾನ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಲಿಂಗಪೂಜೆಯೂ ಇದೆ, ವಚನದ ಓದೂ ಇದೆ. ವಿಜ್ಞಾನವನ್ನೂ ಭಕ್ತಿಯನ್ನೂ ನಂಬಿ ಬದುಕಿದವಳಾದ್ದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕಲು ಆಗಲಿಲ್ಲ.

ಪೋರ್ಟ್ ಬ್ಲೇರಿಗೆ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಎಂದು ಹೆಸರು. ಅಲ್ಲಿಂದ ದೋಣಿಯಲ್ಲಿ ನಾರ್ತ್ ಬೇಗೆ ಹೋಗುತ್ತಾರೆ. ಕೆಂಪು ಬಣ್ಣದ ಹಳೆಯ 20 ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನ ಮರಗಳೂ ದೀಪಸ್ತಂಭವೂ ಕಾಣುತ್ತಿದ್ದವಲ್ಲ, ಆ ದೀಪಸ್ತಂಭ ಇರುವುದು ಇಲ್ಲೇ. ಹವಳ ತೋರಿಸಲು ಇಲ್ಲೊಂದು ಸೆಮಿ ಸಬ್‌ಮೆರೀನ್ ಇದೆ. ಅದು ಪೂರ್ತಿ ಮುಳುಗುವುದಿಲ್ಲ. ಮೇಲುಭಾಗ ನೀರಿನ ಮೇಲೇ ಇರುತ್ತದೆ, ಒಡಲು ಮಾತ್ರ ನೀರಿನೊಳಗೆ. ಕಿರಿದಾದ ಮೆಟ್ಟಿಲಿಳಿದರೆ ಉದ್ದನೆಯ ಕೋಣೆ, ಎರಡೂ ಬದಿಗೆ ದಪ್ಪ ಗಾಜಿನ ಕಿಟಕಿ, ಕಿಟಕಿಗೆ ಮುಖ ಮಾಡಿದ ಆಸನ. ಈಜು ಬಾರದವರಿಗೂ, ನನ್ನಂತೆ ಮಂಡಿನೋವು ಇರುವವರಿಗೂ ಕಡಲಿನ ಒಳಗನ್ನು ನೋಡಲು ಇದೊಂದು ದಾರಿ.

ಆ ಮೆಟ್ಟಿಲಿಳಿಯುವಾಗ ನನಗೆ ಕೂಡಲಸಂಗಮ ನೆನಪಾಯಿತು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ನುಗ್ಗದಿರಲೆಂದು ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಹೊರಗೆ ನೀರು ನಿಂತಿರುವಾಗಲೂ ನಾವು ಒಳಗೆ ಮೆಟ್ಟಿಲಿಳಿದು, ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ಐಕ್ಯಲಿಂಗಕ್ಕೆ ಕೈಮುಗಿಯುತ್ತೇವೆ. ಅಲ್ಲಿ ಇಳಿಯುವವರು ಯಾರೂ ನೋಡಿ ಮರೆಯಲು ಇಳಿಯುವುದಿಲ್ಲ. ನೋಡಿದ್ದಕ್ಕೆ ತಕ್ಕಂತೆ ನಡೆಯಬೇಕೆಂಬ ಆಸೆ ಎಷ್ಟು ಚಿಕ್ಕದಿದ್ದರೂ ಇದ್ದೇ ಇರುತ್ತದೆ. ಕಡಲಿನ ದರ್ಶನಕ್ಕೂ ಅದೇ ನಿಯಮ ಸಲ್ಲಬೇಕು ಎಂಬುದು ನನ್ನ ನಂಬಿಕೆ.

ದೋಣಿ ನಿಧಾನಕ್ಕೆ ಹೊರಟಿತು. ಮೊದಲು ಬರೀ ಹಸಿರು ಮಬ್ಬು. ಆಮೇಲೆ ಗಾಜಿನ ಹತ್ತಿರಕ್ಕೇ ಕವಲೊಡೆದ ಹವಳದ ಒಂದು ಪೊದೆ ಬಂತು. ಜಿಂಕೆಕೊಂಬಿನಂತೆ ಚಾಚಿದ ಕಂದು ಕವಲುಗಳು, ಪ್ರತಿ ಕವಲಿನ ತುದಿ ಮಾತ್ರ ತಿಳಿಬಿಳುಪು. ಆ ತುದಿಯೇ ಹೊಸ ಬೆಳವಣಿಗೆ. ಕವಲುಗಳ ಸಂದಿನಲ್ಲಿ ಹೆಬ್ಬೆರಳಿನಷ್ಟು ನೀಲಿ ಮೀನುಗಳು ದೋಣಿಯ ನೆರಳು ಬಿದ್ದೊಡನೆ ಒಟ್ಟಿಗೆ ಒಳಸೇರಿದವು, ನೆರಳು ದಾಟಿದೊಡನೆ ಒಟ್ಟಿಗೆ ಹೊರಬಂದವು. ಪಕ್ಕದಲ್ಲೇ ಇನ್ನೊಂದು ಪೊದೆ ಮುರಿದು ಬಿದ್ದಿತ್ತು. ಅದರ ಮೇಲೆ ಬೂದುಬಣ್ಣದ ಪಾಚಿ ಹತ್ತಿತ್ತು. ಅದರಲ್ಲಿ ಒಂದು ಮೀನೂ ಇರಲಿಲ್ಲ.

"ದೊಡ್ಡಮ್ಮ, ಇದು ಕಲ್ಲಾ, ಗಿಡಾನಾ?" ಎಂದಳು ತಂಗಿಯ ಮಗಳು.

"ಎರಡೂ ಅಲ್ಲ ಕಣೇ, ಪ್ರಾಣಿ. ಸಾವಿರಾರು ಪ್ರಾಣಿಗಳ ಒಂದು ಊರು."

"ಉಂಗುರದ ಹವಳಾನೂ?"

"ಅದು ಬೇರೆ ಜಾತಿ. ಆದ್ರೆ ಅದೂ ಪ್ರಾಣಿ ಕಟ್ಟಿದ ಎಲುಬೇ."

"ಹಾಗಾದ್ರೆ ಅದನ್ನ ಹಾಕ್ಕೊಂಡು ಯಾರ ಹತ್ರ ಒಳ್ಳೇದು ಕೇಳ್ಲಿ?" ಎಂದು ಅವಳು ಕೇಳಿದಳು.

ಇಷ್ಟು ವರ್ಷ ತರಗತಿಯಲ್ಲಿ ಯಾರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ.

ಹವಳವೆಂದರೆ ಹೈಡ್ರಾ, ಲೋಳೆಮೀನುಗಳ ಬಳಗ. ಒಂದೊಂದು ಜೀವಿಯೂ ಕೆಲವೇ ಮಿಲಿಮೀಟರ್ ಉದ್ದದ ಮೆತ್ತನೆಯ ಕೊಳವೆ. ಬಾಯಿಯ ಸುತ್ತ ಎಳೆಗಳಂಥ ಕರಬಳ್ಳಿಗಳಿರುತ್ತವೆ. ಕಡಲನೀರಿನಿಂದ ಸುಣ್ಣ ತೆಗೆದು ತನ್ನ ಸುತ್ತ ಬಟ್ಟಲು ಕಟ್ಟಿಕೊಳ್ಳುತ್ತದೆ. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಳುತ್ತದೆ. ಅದು ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತದೆ, ಬಣ್ಣದ ಬಹುಪಾಲೂ ಅದರದೇ. ನೀರಿನ ಬಿಸಿ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ನಿಂತರೆ ಆ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಕೂಡಲೇ ಸಾಯುವುದಿಲ್ಲ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು, ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಅಂಡಮಾನಿನ ಹವಳಗಳು 2010ರ ಬೇಸಿಗೆಯಲ್ಲಿ ಹೀಗೇ ವ್ಯಾಪಕವಾಗಿ ಬಿಳಿಚಿದವು. ಲೋಕದ ಹವಳಗಳು ಒಟ್ಟಾಗಿ ಬಿಳಿಚುತ್ತಿರುವುದು ಇದು ನಾಲ್ಕನೆಯ ಸಲ ಎಂದು ವಿಜ್ಞಾನಿಗಳು ಸಾರಿದ್ದು 2024ರ ಏಪ್ರಿಲಿನಲ್ಲಿ.

ಆಭರಣದ ಕೆಂಪು ಹವಳ ನಮ್ಮ ಕಡಲಿನದಲ್ಲ. ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಬಿಸಿಲು ಕಡಿಮೆ ಇರುವ ಆಳದ ಬಂಡೆಗಳಲ್ಲಿ ಬೆಳೆಯುತ್ತದೆ. ಅದರ ಕಾಂಡದ ದಪ್ಪ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಹೆಚ್ಚುವುದಿಲ್ಲ. ಉಂಗುರಕ್ಕೆ ಕೂರಿಸುವ ಒಂದು ಮಣಿಯಷ್ಟಾಗಲು ಹತ್ತಾರು ವರ್ಷ ಬೇಕು. ಮರದ ದೊಡ್ಡ ಅಡ್ಡೆಗೆ ಬಲೆ ಕಟ್ಟಿ ಕಡಲತಳದಲ್ಲಿ ಎಳೆದು, ಬಂಡೆಯನ್ನೇ ಬರಿದು ಮಾಡಿ ಕೀಳುವ ಪದ್ಧತಿ ಶತಮಾನಗಳ ಕಾಲ ನಡೆಯಿತು. ಯುರೋಪಿನ ಒಕ್ಕೂಟ ಅದನ್ನು ನಿಷೇಧಿಸಿದ್ದು 1994ರಲ್ಲಿ. ಅಲ್ಲಿಂದೀಚೆಗೆ ಮುಳುಗುಗಾರರು ಕೈಯಿಂದ ಕೀಳುತ್ತಾರೆ.

ಇಷ್ಟು ದೂರದ ಹವಳ ನಮ್ಮ ನಂಬಿಕೆಯೊಳಗೆ ಸೇರಿದ್ದು ನಿನ್ನೆ ಮೊನ್ನೆಯ ಮಾತಲ್ಲ. ನಮ್ಮ ಮುತ್ತಿಗೆ ರೋಮಿನವರು ಎಷ್ಟು ಬೆಲೆ ಕೊಡುತ್ತಾರೋ ಹವಳಕ್ಕೆ ಭಾರತದವರು ಅಷ್ಟೇ ಬೆಲೆ ಕೊಡುತ್ತಾರೆ ಎಂದು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಲಿವೋರ್ನೋ ಬಂದರಿನಿಂದ ಹವಳ ಭಾರತಕ್ಕೆ ಬರುತ್ತಿತ್ತು, ಬದಲಿಗೆ ಇಲ್ಲಿನ ವಜ್ರ ಹೋಗುತ್ತಿತ್ತು. ನನ್ನ ಅಜ್ಜಿಯ ಕರಿಮಣಿ ಸರದಲ್ಲಿ ತಾಳಿಯ ಎರಡೂ ಪಕ್ಕ ಒಂದೊಂದು ಹವಳವಿತ್ತು. ಬೆಳಿಗ್ಗೆ ಎದ್ದೊಡನೆ ಆಕೆ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅದು ಒಂದು ಕಾಲದಲ್ಲಿ ಉಂಡು, ಬೆಳೆದು, ಮರಿಮಾಡಿದ ಜೀವಿ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಆಕೆಯ ಭಕ್ತಿಯಲ್ಲಿ ನಾನು ಎಳ್ಳಷ್ಟೂ ದೋಷ ಕಾಣೆ. ತಿಳಿಯದೆ ಮಾಡಿದ್ದಕ್ಕೆ ಪಾಪವಿಲ್ಲ ಎಂದು ನಮ್ಮ ಹಿರಿಯರೇ ಹೇಳುತ್ತಿದ್ದರು.

ಪ್ರಶ್ನೆ ಇರುವುದು ತಿಳಿದವರಿಗೆ. ಶರಣರು ಅರಿವನ್ನೂ ಆಚಾರವನ್ನೂ ಬೇರೆ ಬೇರೆ ಇಡಲಿಲ್ಲ. ಅರಿತದ್ದು ನಡೆಯಲ್ಲಿ ಕಾಣದಿದ್ದರೆ ಅದು ಅರಿವೇ ಅಲ್ಲ ಎಂದು ಬಾಳಿದವರು ಅವರು. ಸಕಲ ಜೀವಗಳ ಮೇಲಿನ ದಯೆಯನ್ನು ಧರ್ಮದ ಬೇರು ಎಂದರು. ಗ್ರಹಬಲ, ತಾರಾಬಲ, ಶುಭಲಗ್ನಗಳ ಭಯವನ್ನೂ ಬದಿಗಿಟ್ಟರು. ಅವರ ಹೆಸರು ಹೊತ್ತ ಬಡಾವಣೆಯಲ್ಲಿ ವಾಸಿಸಿ, ಬಸವ ಜಯಂತಿಯ ಮೆರವಣಿಗೆಗೆ ಹೂ ಹಾಕಿ, ಮರುದಿನ ಮಗಳ ಜಾತಕದ ಭಯಕ್ಕೆ ದೂರದ ಕಡಲಿನ ಜೀವಿಯ ಎಲುಬು ಕೊಳ್ಳಲು ಹೋಗುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ನನ್ನ ತಂಗಿ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. "ಅಕ್ಕ, ರೇಷ್ಮೆ ಸೀರೇಲೂ ಹುಳ ಸಾಯುತ್ತೆ. ಹಾಗಂತ ಮದುವೇಲಿ ರೇಷ್ಮೆ ಉಡೋದು ಬಿಡ್ತೀಯಾ?" ಎಂದಳು. ಅವಳ ಮಾತಿನಲ್ಲಿ ತೂಕವಿದೆ. ದೇಶದಲ್ಲೇ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ರಾಮನಗರದ ಗೂಡಿನ ಮಾರುಕಟ್ಟೆ ಸಿಗುತ್ತದೆ, ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತದೆ. ರೇಷ್ಮೆಯ ಪ್ರಶ್ನೆಯೂ ನಿಜವಾದ ಪ್ರಶ್ನೆಯೇ. ಆದರೆ ಎಲ್ಲವನ್ನೂ ಬಿಡಲಾಗದಿದ್ದರೆ ಯಾವುದನ್ನೂ ಬಿಡಬಾರದು ಎಂಬ ತರ್ಕ ಹಿಡಿದು ಹೊರಟರೆ ದಯೆಗೆ ಕಾಲಿಡಲೂ ಜಾಗವಿರುವುದಿಲ್ಲ. ರೇಷ್ಮೆಹುಳುವನ್ನು ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕುತ್ತೇವೆ, ಒಂದು ಬೆಳೆ ಮುಗಿದರೆ ಇನ್ನೊಂದು ಬರುತ್ತದೆ. ಕೆಂಪು ಹವಳವನ್ನು ನಾವು ಸಾಕಲಿಲ್ಲ, ಕಿತ್ತ ಜಾಗದಲ್ಲಿ ಅದು ಮತ್ತೆ ಅಷ್ಟಾಗಲು ನಮ್ಮ ಒಂದು ತಲೆಮಾರು ಸಾಲದು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸೀರೆಯನ್ನು ನಾವು ಉಡುಗೆಯಾಗಿ ಉಡುತ್ತೇವೆ. ದೋಷಕ್ಕೆಂದು ತೊಡುವ ಹವಳ ಒಂದು ಬೇಡಿಕೆ, ಒಂದು ಪ್ರಾರ್ಥನೆ. ನನ್ನ ಮನೆ ಉಳಿಯಲಿ, ನನ್ನ ಗಂಡ ಚೆನ್ನಾಗಿರಲಿ, ನನ್ನ ಮಕ್ಕಳು ಬಾಳಲಿ ಎಂದು ಅದನ್ನು ಮುಂದಿಟ್ಟು ಕೇಳುತ್ತೇವೆ. ಇನ್ನೊಂದು ಜೀವಿಯ ಮನೆ ಮುರಿದು ತಂದದ್ದನ್ನು ಕೈಯಲ್ಲಿಟ್ಟುಕೊಂಡು ನನ್ನ ಮನೆ ಉಳಿಸು ಎಂದು ಯಾವ ದೇವರ ಮುಂದೆ ನಿಲ್ಲುವುದು? ಮಾರುಕಟ್ಟೆಗೆ ಹೋಗುವಾಗ ಇಲ್ಲದ ಶುದ್ಧಿಯನ್ನು ದೇವರ ಮನೆಗೆ ಹೋಗುವಾಗ ನಾವು ಪಾಲಿಸುತ್ತೇವೆ, ಕಾಲು ತೊಳೆಯುತ್ತೇವೆ, ಮಡಿ ಉಡುತ್ತೇವೆ. ಪ್ರಾರ್ಥನೆಯ ವಸ್ತುವಿಗೆ ಆ ಶುದ್ಧಿ ಇನ್ನೂ ಹೆಚ್ಚಿರಬೇಕು.

ಇಲ್ಲಿ ಕಾನೂನನ್ನು ಕೇಳಿ ಹೊಣೆ ಕಳೆದುಕೊಳ್ಳಲೂ ಆಗುವುದಿಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಅಂಡಮಾನಿನಲ್ಲಿ ದಡಕ್ಕೆ ಬಿದ್ದ ಸತ್ತ ತುಂಡನ್ನೂ ಚೀಲಕ್ಕೆ ಹಾಕಿಕೊಂಡು ಬರುವಂತಿಲ್ಲ. ಆದರೆ ಆಭರಣದ ಕೆಂಪು ಹವಳದ ಜಾಗತಿಕ ವ್ಯಾಪಾರಕ್ಕೆ ಕಡಿವಾಣ ಹಾಕುವ ಪ್ರಸ್ತಾಪ 2007ರಲ್ಲೂ 2010ರಲ್ಲೂ ಅಂತರರಾಷ್ಟ್ರೀಯ ಸಭೆಯಲ್ಲಿ ಬಿದ್ದುಹೋಯಿತು. ಹಾಗಾಗಿ ಅಂಗಡಿಯಲ್ಲಿ ಅದು ಸಿಗುತ್ತದೆ, ಕೊಂಡರೆ ಯಾರೂ ಕೇಳುವುದಿಲ್ಲ. ಯಾರೂ ಕೇಳದ ಕಡೆ ಕೇಳಿಕೊಳ್ಳುವುದಕ್ಕೇ ಧರ್ಮ ಎಂದು ಹೆಸರು.

ಹಾಗಾದರೆ ನೋಡಲು ಹೋಗುವುದಾದರೂ ಸರಿಯೇ ಎಂದು ಕೆಲವರು ಕೇಳಬಹುದು. ಎಂಜಿನ್ನಿನ ಗದ್ದಲ, ಲಂಗರಿನ ಹೊಡೆತ, ಎಸೆದ ಪ್ಲಾಸ್ಟಿಕ್ ಎಲ್ಲವೂ ಹವಳಕ್ಕೆ ಪೆಟ್ಟೇ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನಮ್ಮದೇ ನೇತ್ರಾಣಿ ದ್ವೀಪವಿದೆ, ಅದರ ಸುತ್ತಲೂ ಹವಳವಿದೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಬಂಡೆ ಅದು, ಈಗ ಸ್ಕೂಬಾ ಡೈವಿಂಗ್‌ಗೆ ಹೆಸರುವಾಸಿ. ಅಲ್ಲಿ ಮುಳುಗಿ ಬಂದ ಹುಡುಗ ಹುಡುಗಿಯರ ಮುಖದಲ್ಲಿ ಬೆರಗು ಕಂಡಿದ್ದೇನೆ. ಕಾಣದ ಜೀವದ ಮೇಲೆ ದಯೆ ಹುಟ್ಟುವುದು ಕಷ್ಟ, ಆದ್ದರಿಂದ ನೋಡಬೇಕು ಎಂದೇ ನನ್ನ ಅಭಿಪ್ರಾಯ. ನೋಡಲು ಸಿಕ್ಕಿದ್ದು ನಮ್ಮ ಹಕ್ಕಾಗುವುದಿಲ್ಲ, ನಮ್ಮ ಮೇಲಿನ ಋಣವಾಗುತ್ತದೆ. ಆ ಋಣ ಉಂಗುರ ಬಿಟ್ಟರೆ ತೀರುವಂಥದ್ದಲ್ಲ. ಕಡಲನ್ನು ಬಿಸಿ ಮಾಡುತ್ತಿರುವ ಹೊಗೆಯಲ್ಲಿ ನಾವು ಹತ್ತಿ ಹೋದ ವಿಮಾನದ್ದೂ ಮಾಗಡಿ ರಸ್ತೆಯಲ್ಲಿ ನಿಂತ ಕಾರುಗಳದ್ದೂ ಪಾಲಿದೆ. ಮೆಟ್ರೊ ಹತ್ತುವುದು, ಹತ್ತಿರದ ದಾರಿಗೆ ನಡೆಯುವುದು ಆ ಲೆಕ್ಕಕ್ಕೇ ಸೇರುತ್ತವೆ.

ತಂಗಿಯ ಮಗಳು ಹವಳ ಬೇಡವೆಂದಳು. ತಂಗಿಯ ಭಯವನ್ನು ನಾನು ಹಗುರಾಗಿ ಕಾಣಲಾರೆ, ತಾಯಿಯ ಭಯ ಅದು. ಮಗಳಿಗೆ ಏನೂ ಮಾಡದೆ ಸುಮ್ಮನಿರಲು ಅವಳಿಂದಾಗದು. ಅದಕ್ಕೂ ದಾರಿ ನಮ್ಮ ಸಂಪ್ರದಾಯದಲ್ಲೇ ಇದೆ. ನವಧಾನ್ಯಗಳಲ್ಲಿ ಕುಜನ ಧಾನ್ಯ ತೊಗರಿ. ಮಂಗಳವಾರ ತೊಗರಿಬೇಳೆ ದಾನ ಮಾಡುವುದು ಉಂಗುರದಷ್ಟೇ ಹಳೆಯ ಪರಿಹಾರ. ಈಗ ಅವಳು ಮಂಗಳವಾರಗಳಲ್ಲಿ ಮನೆ ಹತ್ತಿರದ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಬೇಳೆ ಕೊಟ್ಟು ಬರುತ್ತಾಳೆ. ಅವಳ ಮನಸ್ಸಿಗೂ ಸಮಾಧಾನ, ಅಲ್ಲಿನ ಮಕ್ಕಳಿಗೆ ಸಾರೂ ಆಗುತ್ತದೆ.

ಜಾತಕ ನಂಬುವವರನ್ನು ನಂಬಬೇಡಿ ಎನ್ನಲು ನಾನು ಇದನ್ನು ಬರೆಯುತ್ತಿಲ್ಲ. ಅಜ್ಜಿಯ ಸರದ ಹವಳ ಮನೆಯಲ್ಲಿದ್ದರೆ ಜೋಪಾನ ಮಾಡಿ, ಬೇಕಾದವರಿಗೆ ಅದನ್ನೇ ತೊಡಿಸಿ, ಎಸೆಯಬೇಡಿ. ಹೊಸದನ್ನು ಮಾತ್ರ ಕೊಳ್ಳಬೇಡಿ. ಕುಜನಿಗೆ ಕೆಂಪು ಹೂವು ಏರಿಸಿ, ತೊಗರಿ ಕೊಡಿ, ಹಸಿದವರಿಗೆ ಊಟ ಹಾಕಿ. ಹವಳವನ್ನು ಕಡಲಿನಲ್ಲೇ ಬಾಳಲು ಬಿಡಿ.