ಮಾತನಾಡಲಾರದವನ ಒಪ್ಪಿಗೆ

ಹರಿಹರದಿಂದ ದಾವಣಗೆರೆಗೆ ಹೊರಟ ಯುವಕನೊಬ್ಬ ಹೆದ್ದಾರಿಯಲ್ಲಿ ಬಿದ್ದು ರಕ್ತ ಸುರಿಸುತ್ತಿದ್ದಾನೆಂದು ಭಾವಿಸಿರಿ. ದಾರಿಹೋಕರು ಅವನನ್ನು ಆಸ್ಪತ್ರೆಗೆ ತರುತ್ತಾರೆ. ಅವನಿಗೆ ಪ್ರಜ್ಞೆಯಿಲ್ಲ. ಓಡೋಡಿ ಬಂದ ಅಣ್ಣನ ಮುಂದೆ ವೈದ್ಯರು ಕಾಗದವೊಂದನ್ನು ಇಟ್ಟು, ಔಷಧವೊಂದರ ಅಧ್ಯಯನಕ್ಕೆ ತಮ್ಮನನ್ನು ಸೇರಿಸಬಹುದೇ ಎಂದು ಕೇಳುತ್ತಾರೆ. ಅಣ್ಣ ಸಿಡಿಯುತ್ತಾನೆ: “ನನ್ನ ತಮ್ಮನೇನು ಪ್ರಯೋಗದ ಇಲಿಯೇ?”

ಈ ಸಿಟ್ಟು ಅಕಾರಣವಾದುದಲ್ಲ. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 1972ರ ವರೆಗೆ ನೂರಾರು ಕರಿಯ ರೋಗಿಗಳಿಗೆ ಸತ್ಯವನ್ನು ಮರೆಮಾಚಲಾಯಿತು. ಖಚಿತವಾದ ಮದ್ದು ಬಂದ ಮೇಲೂ ಅದನ್ನು ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತಾ ಕುಳಿತರು.

ಇನ್ನೊಂದು ಚಿತ್ರವನ್ನೂ ನೋಡೋಣ. ಗಾಯಾಳುಗಳ ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಔಷಧ ಉಪಯುಕ್ತವೇ ಎಂದು ಭಾರತವೂ ಸೇರಿ 40 ದೇಶಗಳ 274 ಆಸ್ಪತ್ರೆಗಳಲ್ಲಿ 20,000ಕ್ಕೂ ಹೆಚ್ಚು ಮಂದಿಯಲ್ಲಿ ಪರೀಕ್ಷಿಸಲಾಯಿತು. ಸುಮಾರು ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ಬರಿಯ ಲವಣದ್ರಾವಣ. 2010ರಲ್ಲಿ ಫಲಿತಾಂಶ ಬಂತು: ಔಷಧವಿಲ್ಲದವರಲ್ಲಿ ಸಾವಿರಕ್ಕೆ 160 ಮಂದಿ ಸತ್ತರೆ, ಔಷಧ ಪಡೆದವರಲ್ಲಿ 145. ಮರುವರ್ಷದ ವಿಶ್ಲೇಷಣೆ ಇನ್ನೊಂದನ್ನು ತಿಳಿಸಿತು. ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನ. ಆ ಬಳಿಕ ಕೊಟ್ಟರೆ ಹಾನಿಯೇ ಆಗಬಹುದು. ಬರಿಯ ಕನಿಕರದಿಂದ ಇದು ತಿಳಿಯುತ್ತಿರಲಿಲ್ಲ.

ಹಾಗಾದರೆ ಔಷಧ ಸಿಗದವರಿಗೆ ಅನ್ಯಾಯವಾಯಿತೇ? ಅಂದು ಉತ್ತರ ಯಾರಿಗೂ ಗೊತ್ತಿರಲಿಲ್ಲ. ಮಾಮೂಲಿ ಚಿಕಿತ್ಸೆ ಯಾರಿಗೂ ತಪ್ಪಲಿಲ್ಲ. ತಿಳಿದೂ ಮದ್ದನ್ನು ತಡೆಹಿಡಿಯುವುದು ದ್ರೋಹ. ತಿಳಿಯದ್ದನ್ನು ಪ್ರಾಮಾಣಿಕವಾಗಿ ಅರಸುವುದು ಹೊಣೆಗಾರಿಕೆ. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆ ಮಾಡಿದವನು ಅದರ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರಲ್ಲವೇ?

ಆದರೆ ಅರಸುವವನ ಸದುದ್ದೇಶವೊಂದೇ ಸಾಲದು. ಪ್ರಾಣವು ಅಲ್ಲಾಹನ ಅಮಾನತು. ತಮ್ಮನ ಪರವಾಗಿ ಸಹಿ ಹಾಕುವ ಅಣ್ಣನು ಆ ಪ್ರಾಣದ ಒಡೆಯನಲ್ಲ, ಕಾವಲುಗಾರ. ಆದುದರಿಂದ ಅವನು ನಾಚದೆ ಕೇಳಬೇಕು: ಇದಕ್ಕೆ ನೈತಿಕ ಸಮಿತಿಯ ಒಪ್ಪಿಗೆಯಿದೆಯೇ? ಇದರಲ್ಲಿರುವ ಅಪಾಯವೇನು? ಬೇಡವೆಂದರೆ ಚಿಕಿತ್ಸೆ ಮುಂದುವರಿಯುವುದೇ? ತಮ್ಮನಿಗೆ ಪ್ರಜ್ಞೆ ಬಂದಾಗ ಅವನನ್ನೂ ಕೇಳುವಿರಾ? ನಮ್ಮ ದೇಶದ 2019ರ ನಿಯಮಗಳ ಪ್ರಕಾರ ಔಷಧ ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ ಅವಕಾಶವಿದೆ. ಅವಸರದಲ್ಲಿದ್ದರೂ ಅಣ್ಣನಿಗೆ ಅರ್ಥವಾಗುವ ಭಾಷೆಯಲ್ಲಿ ಇವಕ್ಕೆ ಉತ್ತರಿಸುವುದು ವೈದ್ಯರ ಕರ್ತವ್ಯ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ‘ಬೇಡ’ ಎನ್ನುವುದು ಅಣ್ಣನ ಹಕ್ಕು, ಅದರಲ್ಲಿ ಪಾಪವಿಲ್ಲ.

ಉತ್ತರಗಳು ನೇರವಾಗಿದ್ದರೆ ಮಾತ್ರ ಅಣ್ಣನು ಇನ್ನೊಂದನ್ನು ನೆನೆಯಲಿ. ಇಂದು ತಮ್ಮನಿಗೆ ಕೊಡುವ ಆ ಅಗ್ಗದ ಔಷಧದ ಹಿಂದೆ, ಎಂದೋ ಎಲ್ಲೋ ಮಾತನಾಡಲಾರದೆ ಮಲಗಿದ್ದ ಸಾವಿರಾರು ಗಾಯಾಳುಗಳಿದ್ದಾರೆ. ಅವರಲ್ಲಿ ಅನೇಕರು ಮನೆಗೆ ಮರಳಲಿಲ್ಲ. ಅವರ ಋಣ ನಮ್ಮ ಮೇಲಿದೆ.

ಆ ಋಣ ತೀರಿಸಲು ನಾವೆಲ್ಲರೂ ಮಾಡಬಹುದಾದ ಕೆಲಸವೊಂದಿದೆ: ಬಿದ್ದವನನ್ನು ಕಂಡರೆ ನಿಲ್ಲುವುದು, ತಡಮಾಡದೆ ಆಸ್ಪತ್ರೆಗೆ ಮುಟ್ಟಿಸುವುದು. ಆ ಮೂರು ಗಂಟೆಗಳು ಆರಂಭವಾಗುವುದು ರಸ್ತೆಯಲ್ಲಿ.