ಹಳೆಯ ಕಂಪ್ಯೂಟರ್, ಅಟ್ಟದ ಮೇಲಿನ ಫ್ಲಾಪಿ



ನಲವತ್ತು ದಾಟಿದ ನಾಲ್ಕು ಮಂದಿ ಸೇರಿದರೆ ಹಳೆಯ ಕಂಪ್ಯೂಟರಿನ ಮಾತು ಬಂದೇ ಬರುತ್ತದೆ. ಕಪ್ಪು ಪರದೆಯ ವರ್ಡ್‌ಸ್ಟಾರ್, ಎರಡೂ ಅಂಚಿಗೆ ತೂತುಗಳಿದ್ದ ಕಾಗದವನ್ನು ಕರಕರನೆ ಎಳೆದುಕೊಳ್ಳುತ್ತಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. "ಆಗ ಬರೆಯುವುದೊಂದೇ ಕೆಲಸ, ಮನಸ್ಸು ಚೆದುರುತ್ತಿರಲಿಲ್ಲ" ಎನ್ನುತ್ತೇವೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಾವಿನ್ನೂ ವರ್ಡ್‌ಸ್ಟಾರ್‌ನಲ್ಲೇ ಬರೆಯುವುದಾಗಿ 2014ರಲ್ಲಿ ಹೇಳಿಕೊಂಡಿದ್ದರು.

ಆದರೆ ಆ ಸರಳತೆ ಯಾರ ಪಾಲಿಗೆ? ಇಂಗ್ಲಿಷಿನಲ್ಲಿ ಬರೆಯುವವರ ಪಾಲಿಗೆ. ಕನ್ನಡದ ಒತ್ತಕ್ಷರ, ಕೊಂಬುಗಳಿಗೆ ಆ ಪರದೆಯಲ್ಲಿ ಜಾಗವಿರಲಿಲ್ಲ. ಜಿಸ್ಟ್ ಎಂಬ ಪ್ರತ್ಯೇಕ ಕಾರ್ಡನ್ನೇ ಕಂಪ್ಯೂಟರಿಗೆ ಜೋಡಿಸಬೇಕಿತ್ತು. ಕಿನ್ನಿಕಂಬಳದ ಕೆ. ಪಿ. ರಾಯರು ಕನ್ನಡ ಕೀಲಿಮಣೆಯ ವಿನ್ಯಾಸವನ್ನೂ 'ಸೇಡಿಯಾಪು' ತಂತ್ರಾಂಶವನ್ನೂ ರೂಪಿಸಿ ಉಚಿತವಾಗಿ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'. ಯಂತ್ರವನ್ನು ನೆನೆದು ನಿಟ್ಟುಸಿರು ಬಿಡುವ ನಾವು ಈ ಜನರನ್ನು ಎಷ್ಟು ಸಲ ನೆನೆದಿದ್ದೇವೆ?

ಸಂತ ಥಾಮಸ್ ಅಕ್ವಿನಾಸರು ಪ್ರೀತಿಯಲ್ಲಿ ಎರಡು ಬಗೆ ಕಾಣುತ್ತಾರೆ. ನಮ್ಮ ಸುಖಕ್ಕಾಗಿ ಒಂದನ್ನು ಬಯಸುವುದು ಒಂದು ಬಗೆ. ಇನ್ನೊಬ್ಬರಿಗೆ ಒಳಿತಾಗಲೆಂದು ಬಯಸುವುದು ಮತ್ತೊಂದು. ಹಳತರ ಹಂಬಲ ಬಹುಪಾಲು ಮೊದಲನೆಯದು. ಅದು ಪ್ರಿಂಟರಿನ ಸದ್ದನ್ನು ಬಯಸುತ್ತದೆ. ಅದರಿಂದ ಹೊರಬಂದ ಕಾಗದದಲ್ಲಿ ಯಾರ ಮಾತಿತ್ತು ಎಂದು ವಿಚಾರಿಸುವುದಿಲ್ಲ.

ನಮ್ಮ ಪಾಳ್ಯದ ಕಡೆಯ ಮನೆಗಳನ್ನೇ ತೆಗೆದುಕೊಳ್ಳಿ. ಅಪ್ಪ ಟೈಪು ಮಾಡಿಸಿದ ಮನೆತನದ ಕಥೆಯೋ, ತೋಟದ ಲೆಕ್ಕವೋ ಇರುವ ಫ್ಲಾಪಿ ಯಾವುದಾದರೂ ಅಟ್ಟದಲ್ಲಿರಬಹುದು. ಸಕಲೇಶಪುರ, ಆಲೂರಿನ ಮಳೆಗಾಲದ ತೇವಕ್ಕೆ ಅದರೊಳಗಿನ ತೆಳು ತಟ್ಟೆಗೂ ಬೂಷ್ಟು ಹಿಡಿಯುತ್ತದೆ. ಹೇಗೋ ತೆರೆದರೂ, ಹಳೆಯ ಫಾಂಟ್ ಇಲ್ಲದಿದ್ದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಕಂಡು ಫೈಲು ಕೆಟ್ಟಿತೆಂದು ಎಸೆದುಬಿಡುವವರಿದ್ದಾರೆ. ಕೆಟ್ಟಿರುವುದಿಲ್ಲ, ಬರಹ, ನುಡಿಗಳಲ್ಲಿ ಬರೆದದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬಹುದು.

ನವೆಂಬರ್ 2ರಂದು ಅಪ್ಪನ ಸಮಾಧಿಗೆ ಮೇಣದಬತ್ತಿ ಹಚ್ಚುತ್ತೇವೆ. ಅವರೇ ಹೇಳಿ ಬರೆಸಿದ ಮಾತು ಅಟ್ಟದಲ್ಲಿ ಕೊಳೆಯುತ್ತಿದ್ದರೆ ಅದು ಬರೀ ಉದಾಸೀನವೇ, ಅನ್ಯಾಯವೇ? ಅನ್ಯಾಯವೆಂದೇ ನನ್ನ ಅಭಿಪ್ರಾಯ. ತೀರಿಕೊಂಡವರು ಬಂದು ಕೇಳಲಾರರು. (ಎಲ್ಲವನ್ನೂ ಓದಲೇಬೇಕೆಂದಲ್ಲ. ಅವರು ಗುಟ್ಟಾಗಿಟ್ಟ ಪತ್ರ ಗುಟ್ಟಾಗಿಯೇ ಇರಲಿ.)

ಮುಂದಿನ ಮಳೆ ಹಿಡಿಯುವ ಮುನ್ನ, ಒಂದು ಭಾನುವಾರ ಬಲಿಪೂಜೆ ಮುಗಿಸಿ ಮಕ್ಕಳೊಂದಿಗೆ ಅಟ್ಟ ಹತ್ತಿ. ಫ್ಲಾಪಿ ಸಿಕ್ಕರೆ ಬಿಸಿಲಿಗೆ ಹರಡಬೇಡಿ. ಬೂಷ್ಟು ಹಿಡಿದದ್ದನ್ನು ಹಾಗೆಯೇ ಡ್ರೈವಿಗೆ ತುರುಕಲೂ ಬೇಡಿ. ಡ್ರೈವೂ ಕೆಡುತ್ತದೆ, ಇದ್ದ ಅಕ್ಷರವೂ ಹೋಗುತ್ತದೆ. ತಿಳಿದವರ ಕೈಗೆ ಕೊಡಿ.